ರಾಕ್ಷಸನ ಆರನೆಯ ಬೆರಳು

ಮೂವತ್ತೊಂದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ನಾನು ಅತಿ ಹೆಚ್ಚು ಸಲ ಆಡಿದ ಮಾತು ಇದು: “ಅಸಲು ಪ್ರತಿ ತೋರಿಸಿ, ಝೆರಾಕ್ಸ್ ಲಗತ್ತಿಸಿ.” ನಿವೃತ್ತಿಯಾದ ಮೇಲೆ ಅದು ನನಗೇ ತಿರುಗಿ ಬಂದಿದೆ. ವಿಜಯಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಈಗ ಮೂರು ಕಾಮಿಕ್ಸ್ ಚಿತ್ರಗಳು ತೂಗುತ್ತಿವೆ. ಅವುಗಳಲ್ಲಿ ಅಸಲು ಯಾವುದು, ನಕಲು ಯಾವುದು ಎಂದು ಯಾರಾದರೂ ಕೇಳಿದರೆ ಉತ್ತರಿಸಲು ನನಗೆ ಅರ್ಧ ಗಂಟೆ ಬೇಕು. ನನ್ನ ಹೆಂಡತಿಗೆ ಅಷ್ಟು ಹೊತ್ತು ಬೇಕಿಲ್ಲ. “ಅಸಲು ಗೋಡೆಗೆ ಹೋಯಿತು. ಬಡ್ಡಿ ನಾನು ಕಟ್ಟುತ್ತಿದ್ದೇನೆ, ದಿನಾ ಧೂಳು ಒರೆಸಿ” ಎನ್ನುತ್ತಾಳೆ.

ಮೊದಲನೆಯದು ನಿಜವಾದ ಅಸಲು. ಹಿಂದೆ ಮಕ್ಕಳ ಪತ್ರಿಕೆಯೊಂದಕ್ಕೆ ಚಿತ್ರಕಥೆ ಬರೆಯುತ್ತಿದ್ದ ಹಿರಿಯ ಕಲಾವಿದರೊಬ್ಬರು ಅಟ್ಟ ಖಾಲಿ ಮಾಡುವಾಗ ಸಿಕ್ಕ ಹಾಳೆ ಅದು. ದುಡ್ಡು ತೆಗೆದುಕೊಳ್ಳಲು ಅವರಿಗೇ ಸಂಕೋಚ. “ಅಚ್ಚಾದ ಮೇಲೆ ಇದಕ್ಕೇನು ಬೆಲೆ ಸಾಹೇಬರೇ? ಚುರುಮುರಿ ಕಟ್ಟಲೂ ಬರುವುದಿಲ್ಲ, ಕಾಗದ ದಪ್ಪ” ಎಂದರು.

ಆ ದಪ್ಪ ಕಾಗದವೇ ನನ್ನನ್ನು ಕೆಡಿಸಿತು. ಕಾಮಿಕ್ಸ್ ಪುಟವನ್ನು ಅಚ್ಚಾಗುವ ಅಳತೆಗಿಂತ ದೊಡ್ಡದಾಗಿಯೇ ಬರೆಯುತ್ತಾರೆ. ಅಮೆರಿಕದ ಕಲಾವಿದರದು ಸಾಮಾನ್ಯವಾಗಿ 11×17 ಇಂಚಿನ ರಟ್ಟು. ಮುದ್ರಣದಲ್ಲಿ ಅದು ಕುಗ್ಗಿದಾಗ ಕೈ ನಡುಗಿದ್ದೂ ಕುಗ್ಗಿ ಮರೆಯಾಗುತ್ತದೆ. ಮೊದಲ ಗೆರೆಗಳನ್ನು ತಿಳಿನೀಲಿ ಪೆನ್ಸಿಲ್ಲಿನಲ್ಲಿ ಎಳೆದರೆ ಅಚ್ಚುಕೂಟದ ಹಳೆಯ ಕ್ಯಾಮೆರಾಕ್ಕೆ ಆ ನೀಲಿ ಕಾಣುತ್ತಿರಲಿಲ್ಲ. ಹಾಗಾಗಿ ಅಳಿಸುವ ಗೋಜಿಲ್ಲ. ಅದರ ಮೇಲೆ ಕಪ್ಪು ಶಾಯಿ, ತಪ್ಪಿದಲ್ಲಿ ಬಿಳಿ ಬಣ್ಣ, ಮಾತು ಬದಲಾದಲ್ಲಿ ಗೋಂದು ಹಚ್ಚಿದ ಚೀಟಿ. ನನ್ನ ಹಾಳೆಯಲ್ಲಿ ಒಬ್ಬ ರಾಕ್ಷಸ ರಾಜಕುಮಾರಿಯತ್ತ ಕೈ ಚಾಚಿದ್ದಾನೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಆ ಕೈಗೆ ಆರು ಬೆರಳು! ಆರನೆಯದರ ಮೇಲೆ ಬಿಳಿ ಬಳಿದಿದ್ದಾರೆ. ಪತ್ರಿಕೆ ಓದಿದ ಸಾವಿರಾರು ಮಕ್ಕಳಿಗೆ ಕಾಣದ ಬೆರಳು ನನಗೊಬ್ಬನಿಗೆ ದಿನಾ ಕಾಣುತ್ತದೆ. ಬೆಳಗಿನ ಚಹಾದ ಹೊತ್ತಿಗೆ ನಾನು ನೋಡುವುದು ರಾಜಕುಮಾರಿಯನ್ನಲ್ಲ, ಅದನ್ನೇ. ನಮ್ಮೂರಿನ ಬಾರಾ ಕಮಾನೂ ನನಗೆ ಇದೇ ಕಾರಣಕ್ಕೆ ಗೋಳಗುಮ್ಮಟಕ್ಕಿಂತ ಹತ್ತಿರ. ಎರಡನೆಯ ಅಲಿ ಆದಿಲ್‌ಶಾಹನ ಗೋರಿ ಪೂರ್ತಿಯಾಗದೆ ಬರೀ ಕಮಾನುಗಳಾಗಿ ನಿಂತಿದೆ, ಶಾಯಿ ಕಾಣದ ಪೆನ್ಸಿಲ್ ಗೆರೆಗಳಂತೆ.

ಇಂಥ ಹಾಳೆಗಳ ಧಾರಣೆ ಈಗ ಎಲ್ಲಿಗೆ ಏರಿದೆಯೆಂದರೆ, ಟಿನ್‌ಟಿನ್ ಕಾಮಿಕ್ಸ್ ಸರಣಿಯ ‘ನೀಲಿ ಕಮಲ’ ಪುಸ್ತಕಕ್ಕಾಗಿ ಬೆಲ್ಜಿಯಂನ ಕಲಾವಿದ ಎರ್ಜೆ 1936ರಲ್ಲಿ ಬರೆದ ಮುಖಪುಟವೊಂದು 2021ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ 31 ಲಕ್ಷ ಯೂರೊ ದಾಟಿತು. ಬಣ್ಣ ಹೆಚ್ಚು, ಅಚ್ಚು ಹಾಕಲು ದುಬಾರಿ ಎಂದು ಅದನ್ನು ಆಗ ಪಕ್ಕಕ್ಕಿಟ್ಟಿದ್ದರು. ಅದರ ಮೇಲೆ ಮಡಚಿದ ಗೆರೆಗಳು ಈಗಲೂ ಇವೆ. ಹೆಂಡತಿಗೆ ಇದನ್ನು ಓದಿ ಹೇಳಿದೆ. “ಹಾಗಾದರೆ ನಮ್ಮದನ್ನೂ ಮಡಚಿಡೋಣ, ಗೋಡೆ ಖಾಲಿಯಾಗುತ್ತದೆ” ಎಂದಳು.

ದೂರದ ಮಾತೇಕೆ, 1570ರಲ್ಲಿ ಬಿಜಾಪುರದಲ್ಲೇ ಸಿದ್ಧವಾದ ‘ನುಜೂಮ್ ಅಲ್ ಉಲೂಮ್’ ಎಂಬ ಸಚಿತ್ರ ಹಸ್ತಪ್ರತಿ ಇಂದು ಐರ್ಲೆಂಡಿನ ಡಬ್ಲಿನ್‌ನಲ್ಲಿ, ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅಸಲು ಅಲ್ಲಿ, ನಮಗೆ ಮೊಬೈಲಿನಲ್ಲಿ ಅದರ ಝೆರಾಕ್ಸ್.

ಎರಡನೆಯ ಚಿತ್ರ ಹೇಳಿ ಬರೆಸಿದ್ದು. ಈ ಹವ್ಯಾಸದವರು ಇದಕ್ಕೆ ‘ಕಮಿಷನ್’ ಎನ್ನುತ್ತಾರೆ. ಆ ಪದವನ್ನು ಗಾಂಧಿ ಚೌಕದಲ್ಲಿ ನಿಂತು ಹೇಳಿದರೆ ಮುಂದಿನ ಪ್ರಶ್ನೆ “ಎಷ್ಟು ಪರ್ಸೆಂಟು?” ಎಂದಾಗಿರುತ್ತದೆ. ಬೆಂಗಳೂರಿನ ಕಾಮಿಕ್ ಕಾನ್‌ನಲ್ಲಿ ಮೇಜು ಹಾಕಿಕೊಂಡು ಕುಳಿತಿದ್ದ ಹುಡುಗನೊಬ್ಬನಿಗೆ, ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಕಾಮಿಕ್ಸಿನ ಮುಖವಾಡದ ವೀರ ಫ್ಯಾಂಟಮ್ ನಿಂತಿರುವಂತೆ ಬರೆದುಕೊಡಪ್ಪ ಎಂದೆ. ಇಪ್ಪತ್ತೊಂದು ತಲೆಮಾರಿನ ಗುಟ್ಟು ಕಾಯುವವನನ್ನು, ಪಿಸುಗುಟ್ಟಿದರೂ ಆಚೆ ಬದಿಗೆ ಕೇಳಿಸುವ ಜಾಗದಲ್ಲಿ ನಿಲ್ಲಿಸುವ ಆಸೆ ನನ್ನದು. ಹುಡುಗ ಗುಮ್ಮಟವನ್ನು ಕಂಡವನಲ್ಲ, ನಾನು ಕೈಯಾಡಿಸಿ ವರ್ಣಿಸಿದೆ. ಬಂದ ಚಿತ್ರದಲ್ಲಿ ಗುಮ್ಮಟ ತುಸು ತಾಜಮಹಲಿನಂತಿದೆ. ಹೇಳಿ ಬರೆಸಿದ್ದರಲ್ಲಿ ತಪ್ಪು ಯಾರದು ಎನ್ನುವುದು ಯಾವತ್ತೂ ತೀರ್ಮಾನವಾಗುವುದಿಲ್ಲ.

ಮೂರನೆಯದರ ಕಥೆ ಹಳೆಯದು. ಫ್ಯಾಂಟಮ್‌ನ ಕಥೆಗಳನ್ನು ತರುತ್ತಿದ್ದ ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಶುರುವಾಗಿ 1990ರವರೆಗೆ ಬಂತು. ನನ್ನ ಬಾಲ್ಯದ ಒಂದು ಫ್ಯಾಂಟಮ್ ಸಂಚಿಕೆ ಇನ್ನೂ ನನ್ನ ಹತ್ತಿರ ಇದೆ, ಮುಖಪುಟ ಇಲ್ಲ. ಅಣ್ಣ ಅದರಲ್ಲಿ ಗಾಳಿಪಟ ಮಾಡಿದ. ಅದು ಹಾರಲೂ ಇಲ್ಲ ಎನ್ನುವುದು ನನಗೆ ಇಂದಿಗೂ ಆರದ ಸಿಟ್ಟು.

ಹಳೆಯ ಮುಖಪುಟವನ್ನು ಮತ್ತೆ ಕೈಯಿಂದಲೇ ಬರೆಸಿ ಇಟ್ಟುಕೊಳ್ಳುವ ರೂಢಿ ಹೊರದೇಶಗಳ ಸಂಗ್ರಾಹಕರಲ್ಲಿದೆ. ಕೆಲವೊಮ್ಮೆ ಮೊದಲು ಬರೆದ ಕಲಾವಿದರೇ ಮುಪ್ಪಿನಲ್ಲಿ ತಮ್ಮದೇ ಮುಖಪುಟವನ್ನು ಮತ್ತೆ ಬರೆದುಕೊಡುತ್ತಾರೆ. ಬೇರೆಯವರು ಬರೆದರೆ, ಇಂಥವರ ಚಿತ್ರ ನೋಡಿ ಬರೆದದ್ದು ಎಂದು ಸಹಿಯ ಬಳಿ ಕಾಣಿಸಬೇಕು, ಅದು ಮರ್ಯಾದೆ. ನಾನು ಮೊಬೈಲಿನಲ್ಲಿ ಮುಖಪುಟದ ಚಿತ್ರ ಹುಡುಕಿ, ಸ್ಟೇಷನ್ ರಸ್ತೆಯ ಕಡೆ ಬೋರ್ಡು ಬರೆಯುವ ಪೇಂಟರ್ ಕಾಕಾನ ಬಳಿಗೆ ಹೋದೆ. ಫ್ಲೆಕ್ಸ್ ಬಂದ ಮೇಲೆ ಅವರ ಕುಂಚಕ್ಕೆ ಕೆಲಸ ಕಡಿಮೆ. ಎರಡು ಅಡಿಗೆ ಮೂರು ಅಡಿ ತಗಡು, ಎನಾಮಲ್ ಬಣ್ಣ ಎಂದು ಮಾತಾಯಿತು.

“ಈ ಮನುಷ್ಯನ ಅಂಗಿಗೆ ನೀಲಿ ಹಚ್ಚಲೇ? ಶಾಲೆಯ ಬೋರ್ಡಿನದು ಅರ್ಧ ಡಬ್ಬಿ ಉಳಿದಿದೆ.”

“ಬೇಡ ಕಾಕಾ. ನೇರಳೆಯೇ ಆಗಬೇಕು. ಅಸಲಿನಲ್ಲಿ ಹಾಗೇ ಇದೆ.”

ಹೇಳಿದ್ದೇನೋ ಬಿಗಿಯಾಗಿಯೇ ಹೇಳಿದೆ, ಆದರೆ ಒಳಗೆ ಅಳುಕು. ಫ್ಯಾಂಟಮ್‌ನನ್ನು ಸೃಷ್ಟಿಸಿದ ಲೀ ಫಾಕ್ ಅವನ ಉಡುಪನ್ನು ಬೂದು ಬಣ್ಣದ್ದೆಂದು ಭಾವಿಸಿದ್ದರು. 1936ರಲ್ಲಿ ಅವನು ಬಂದದ್ದು ಕಪ್ಪು ಬಿಳುಪಿನ ದಿನಪತ್ರಿಕೆಯಲ್ಲಿ. 1939ರಲ್ಲಿ ಭಾನುವಾರದ ಬಣ್ಣದ ಪುಟ ಶುರುವಾದಾಗ ಅದು ನೇರಳೆಯಾಯಿತು. ಇಟಲಿಯಲ್ಲಿ ಅದೇ ಉಡುಪು ಕೆಂಪು, ಸ್ವೀಡನ್ನಿನಲ್ಲಿ ನೀಲಿ. ಅಂದರೆ ಕಾಕಾನ ಅರ್ಧ ಡಬ್ಬಿಯ ಪರವಾಗಿ ಇಡೀ ಸ್ವೀಡನ್ ಸಾಕ್ಷಿ ಹೇಳುತ್ತಿತ್ತು. ನಾನು ಆ ಸಾಕ್ಷಿಯನ್ನು ಮುಚ್ಚಿಟ್ಟೆ. ಪಾಪ, ಕಾಕಾ ನೀಲಿಗೆ ಕೆಂಪು ಬೆರೆಸಿ ಎರಡು ಸಲ ಕೆಡಿಸಿ ಮೂರನೆಯ ಸಲಕ್ಕೆ ಬದನೆಕಾಯಿಯ ಬಣ್ಣ ತಂದರು.

ಹದಿನೈದು ದಿನದ ಮೇಲೆ ಚಿತ್ರ ಬಂತು. ಫ್ಯಾಂಟಮ್‌ನ ಕುದುರೆಯದು, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಹೊರಟ ಎತ್ತಿನ ಮೈಕಟ್ಟು. ಫ್ಯಾಂಟಮ್‌ನ ಮುಖವಾಡದ ಕೆಳಗೆ ತೆಳ್ಳಗೆ ಒಂದು ಮೀಸೆ ಬಂದಿದೆ. “ಗಂಡಸಿನ ಮುಖ, ಬೋಳು ಬಿಡಲು ಮನಸ್ಸಾಗಲಿಲ್ಲ” ಎಂದರು ಕಾಕಾ. ಬಿಳಿ ಬಳಿದು ಅಳಿಸಿ ಎನ್ನಲು ಬಾಯಿ ತೆರೆದವನು ಆರನೆಯ ಬೆರಳು ನೆನಪಾಗಿ ಸುಮ್ಮನಾದೆ. ಮೂಲ ಚಿತ್ರ ನೋಡಿ ಬರೆದದ್ದು ಎಂಬ ಸಾಲನ್ನು ಹೇಳಿದಂತೆಯೇ ಹಾಕಿದ್ದರು. ಅದರ ಕೆಳಗೆ, ನಲವತ್ತು ವರ್ಷದ ಕೈರೂಢಿಯಲ್ಲಿ, ಅಂಗಡಿಯ ಹೆಸರು ಮತ್ತು ಮೊಬೈಲ್ ನಂಬರು, ಹಳದಿಯಲ್ಲಿ, ನೆರಳು ಕೊಟ್ಟ ಅಕ್ಷರಗಳಲ್ಲಿ.

ಮೊನ್ನೆ ಬಾಗಲಕೋಟೆಯಿಂದ ಬೀಗರು ಬಂದಿದ್ದರು. ಊಟವಾದ ಮೇಲೆ ಪಡಸಾಲೆಯಲ್ಲಿ ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಕಡೆಗೂ ಒಬ್ಬ ರಸಿಕರು ಸಿಕ್ಕರೆಂದು ನಾನು ಇಂದ್ರಜಾಲದ ಕಥೆ ತೆಗೆಯುವಷ್ಟರಲ್ಲಿ ಅವರು ಕನ್ನಡಕ ಏರಿಸಿ, ಮೊಬೈಲ್ ತೆಗೆದು, ನಂಬರನ್ನು ಒಂದೊಂದೇ ಅಂಕಿ ನೋಡಿ ಒತ್ತಿಕೊಂಡರು. ಮಗನ ಕಿರಾಣಿ ಅಂಗಡಿಗೆ ಬೋರ್ಡು ಬರೆಸಬೇಕಂತೆ.