ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಫೋಟೊ ಮ್ಯಾನೇಜರ್ ಮೊದಲೇ ಇರಬೇಕೇ?

ಉಬುಂಟು, ಫೆಡೋರಾದಂಥ ಲಿನಕ್ಸ್ ವಿತರಣೆಗಳು, ಅಂದರೆ ಲಿನಕ್ಸ್ ಆಧರಿಸಿದ ಸಿದ್ಧ ಆಪರೇಟಿಂಗ್ ಸಿಸ್ಟಂಗಳು, ಬ್ರೌಸರ್, ಆಫೀಸ್ ತಂತ್ರಾಂಶ, ವಿಡಿಯೊ ಪ್ಲೇಯರ್‌ಗಳನ್ನು ಸಾಮಾನ್ಯವಾಗಿ ಮೊದಲೇ ಅಳವಡಿಸಿ ಕೊಡುತ್ತವೆ. ಫೋಟೊಗಳ ವಿಷಯಕ್ಕೆ ಬಂದಾಗ ಮಾತ್ರ ಒಮ್ಮತವಿಲ್ಲ. ಕೆಲವು ವಿತರಣೆಗಳು ಚಿತ್ರ ತೆರೆದು ತೋರಿಸುವ ವ್ಯೂವರ್ ಒಂದನ್ನಿಟ್ಟು ಸುಮ್ಮನಾಗುತ್ತವೆ. ಕೆಲವು ಇಡೀ ಸಂಗ್ರಹದ ಉಸ್ತುವಾರಿ ಹೊರುವ ಮ್ಯಾನೇಜರನ್ನೂ ಸೇರಿಸುತ್ತವೆ.

ಪರ: ಹುಡುಕಲು ಗೊತ್ತಿಲ್ಲದವರಿಗೇ ಅದು ಬೇಕು

ಕ್ಯಾಮೆರಾದ ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ. ಡಿಸಿಐಎಂ ಎಂಬ ಫೋಲ್ಡರ್, ಅದರೊಳಗೊಂದು ಫೋಲ್ಡರ್, ಅದರಲ್ಲಿ ನಾಲ್ಕಂಕಿಯ ಕ್ರಮಸಂಖ್ಯೆ ಹೊತ್ತ ನೂರಾರು ಫೈಲುಗಳು. ಸಂಖ್ಯೆ 9999 ಮುಟ್ಟಿದ ಮೇಲೆ ಎಣಿಕೆ ಮತ್ತೆ 0001ರಿಂದ ಶುರುವಾಗುತ್ತದೆ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿಯುತ್ತಾ ಬಂದವರಿಗೆ ಒಂದು ದಿನ ಪ್ರಶ್ನೆ ಎದುರಾಗುತ್ತದೆ: ಈ ಹೆಸರಿನ ಫೈಲು ಈಗಾಗಲೇ ಇದೆ, ಅದರ ಜಾಗದಲ್ಲಿ ಇದನ್ನು ಇಡಲೇ? ಅದೇ ಫೋಟೊವನ್ನು ಎರಡನೆಯ ಸಲ ನಕಲಿಸುತ್ತಿದ್ದೇನೆ ಎಂದುಕೊಂಡು ಹೂಂಗುಟ್ಟಿದರೆ ಹಳೆಯ ಚಿತ್ರ ಅಲ್ಲಿಗೆ ಮುಗಿಯಿತು. ಹೀಗೆ ಕಳೆದುಕೊಂಡವರಲ್ಲಿ ನಾನೂ ಒಬ್ಬ. ಒಂದು ಪ್ರವಾಸದ ಮೊದಲ ದಿನದ ಚಿತ್ರಗಳು ನನ್ನ ಬಳಿ ಇಲ್ಲ. ಆ ಹೆಸರುಗಳಡಿ ಬೇರೆ ಯಾವುದೋ ಸಂಜೆಯ ಚಿತ್ರಗಳಿವೆ.

ಆಗ ನನ್ನ ಕಂಪ್ಯೂಟರಿನಲ್ಲಿ ಶಾಟ್‌ವೆಲ್‌ನಂಥ ಫೋಟೊ ಮ್ಯಾನೇಜರ್ ಕಣ್ಣೆದುರಿಗೇ ಇದ್ದಿದ್ದರೆ ಈ ನಷ್ಟ ಆಗುತ್ತಿರಲಿಲ್ಲ. ಫೋಟೊ ತೆಗೆದ ದಿನ ಮತ್ತು ಹೊತ್ತನ್ನು ಕ್ಯಾಮೆರಾ ಆ ಫೈಲಿನೊಳಗೇ ಎಕ್ಸಿಫ್ ರೂಪದಲ್ಲಿ ಬರೆದಿರುತ್ತದೆ. ಮ್ಯಾನೇಜರ್ ಅದನ್ನು ಓದಿ ವರ್ಷ, ತಿಂಗಳು, ದಿನದ ಫೋಲ್ಡರುಗಳಲ್ಲಿ ಚಿತ್ರಗಳನ್ನು ಹಂಚಿ ಇಡುತ್ತದೆ; ಈಗಾಗಲೇ ಸಂಗ್ರಹದಲ್ಲಿರುವುದನ್ನು ಗುರುತಿಸಿ ಬದಿಗಿಡುತ್ತದೆ. ಫೈಲ್ ಮ್ಯಾನೇಜರಿನಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದು ಫೈಲು ಕೊನೆಯದಾಗಿ ಬದಲಾದ ದಿನಾಂಕ. ಹಳೆಯ ಡಿಸ್ಕಿನಿಂದ ಹೊಸದಕ್ಕೆ ಸಾಗಿಸುವಾಗ ಆ ದಿನಾಂಕ ಉಳಿಯದಿದ್ದರೆ, ಹತ್ತು ವರ್ಷಗಳ ಬದುಕು ಒಂದೇ ಮಧ್ಯಾಹ್ನದ್ದಾಗಿ ಕಾಣುತ್ತದೆ.

ಬೇಕಾದವರು ತಾವೇ ಹಾಕಿಕೊಳ್ಳಲಿ ಎನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ. ಡಿಜಿಕ್ಯಾಮ್ 2001ರಿಂದ ಬೆಳೆಯುತ್ತಾ ಬಂದಿರುವ ಅದ್ಭುತ ಫೋಟೊ ಮ್ಯಾನೇಜರ್. ಮುಖ ಗುರುತಿಸುತ್ತದೆ, ನಕಾಶೆಯ ಮೇಲೆ ಚಿತ್ರಗಳನ್ನು ತೋರಿಸುತ್ತದೆ, ಕ್ಯಾಮೆರಾ ಸಂಸ್ಕರಿಸದೆ ಕೊಡುವ ‘ರಾ’ ಫೈಲುಗಳನ್ನೂ ನಿಭಾಯಿಸುತ್ತದೆ. ಅದರ ಹೆಸರು ಗೊತ್ತಿರುವವರಿಗೆ ಯಾರ ಸಹಾಯವೂ ಬೇಡ. ಆದರೆ ಇಂಥದ್ದೊಂದು ಇದೆ ಎಂಬುದೇ ತಿಳಿಯದವರು ಏನೆಂದು ಹುಡುಕಬೇಕು? ಡೀಫಾಲ್ಟ್ ಆಯ್ಕೆ ಇರುವುದೇ ಅವರಿಗಾಗಿ. ಆದ್ದರಿಂದಲೇ, ಡಿಜಿಕ್ಯಾಮನ್ನು ಎಷ್ಟು ಮೆಚ್ಚಿದರೂ ಮೊದಲೇ ಇಡಬೇಕಾದದ್ದು ಅದಲ್ಲ ಎನ್ನುತ್ತೇನೆ. ಅದರ ಸೆಟ್ಟಿಂಗ್ ಪುಟಗಳನ್ನು ಕಂಡರೆ ಹೊಸಬರು ಹಿಂಜರಿಯುತ್ತಾರೆ.

ಇಕ್ಕಟ್ಟಿನ ಕಾಲದಲ್ಲಿಯೂ ಈ ಅಗತ್ಯವನ್ನು ಮನಗಂಡವರಿದ್ದರು. 2010ರಲ್ಲಿ ಇಡೀ ಉಬುಂಟು ಒಂದೇ ಸಿಡಿಯಲ್ಲಿ ಹಿಡಿಯಬೇಕಿತ್ತು. ಆ ವರ್ಷದ 10.04 ಆವೃತ್ತಿಯಲ್ಲಿ ಚಿತ್ರ ತಿದ್ದುವ ತಂತ್ರಾಂಶಗಳಲ್ಲಿ ಗಿಂಪ್‌ನಂಥ ಗಿಂಪ್ ಅನ್ನೇ ಮೂಲ ಅಳವಡಿಕೆಯಿಂದ ಕೈಬಿಟ್ಟರು. ಫೋಟೊ ಮ್ಯಾನೇಜರನ್ನು ಬಿಡಲಿಲ್ಲ. ಅಕ್ಟೋಬರಿನ 10.10ರಲ್ಲಿ ಎಫ್-ಸ್ಪಾಟ್ ಹೋಗಿ ಶಾಟ್‌ವೆಲ್ ಬಂದಿತು. ಎಫ್-ಸ್ಪಾಟ್‌ಗೆ ಮೊನೊ ಎಂಬ ಇಡೀ ವ್ಯವಸ್ಥೆಯ ಆಸರೆ ಬೇಕಿತ್ತು. ವಾಲಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಶಾಟ್‌ವೆಲ್‌ಗೆ ಅದರ ಹಂಗಿರಲಿಲ್ಲ. ಇಂದು ಸಿಡಿಯ ಮಿತಿ ಇಲ್ಲ. ಹೀಗಿರುವಾಗ ವ್ಯೂವರ್ ಒಂದೇ ಸಾಕೆನ್ನುವುದು ಯಾವ ಉಳಿತಾಯಕ್ಕಾಗಿ?

ಮೂಲ ಚಿತ್ರದ ಸುರಕ್ಷತೆಯೂ ನನಗೆ ಮುಖ್ಯ. ತಿದ್ದುವ ಸೌಲಭ್ಯವಿರುವ ವ್ಯೂವರಿನಲ್ಲಿ ಚಿತ್ರ ಕತ್ತರಿಸಿ ‘ಉಳಿಸು’ ಎಂದು ಒತ್ತಿದರೆ ಮೂಲದ ಮೇಲೆಯೇ ಬರೆದುಬಿಡುವ ಅಪಾಯವಿದೆ. ಜೆಪೆಗ್ ಆದರೆ ಹೀಗೆ ತಿದ್ದಿ ಉಳಿಸಿದಾಗಲೆಲ್ಲ ಗುಣಮಟ್ಟವೂ ಅಷ್ಟಿಷ್ಟು ಕುಗ್ಗುತ್ತದೆ. ಶಾಟ್‌ವೆಲ್ ಮೂಲವನ್ನು ಮುಟ್ಟುವುದಿಲ್ಲ. ಏನೇನು ತಿದ್ದಿದಿರಿ ಎಂಬುದನ್ನಷ್ಟೇ ನೆನಪಿಟ್ಟುಕೊಂಡು, ಎಷ್ಟು ಕಾಲದ ನಂತರ ಕೇಳಿದರೂ ಮೊದಲಿನ ಚಿತ್ರವನ್ನು ಮರಳಿ ಕೊಡುತ್ತದೆ. ಆತುರದಲ್ಲಿ ಮಾಡಿದ ತಪ್ಪನ್ನು ಸರಿಪಡಿಸಲು ಬಿಡುವ ಇಂಥ ತಂತ್ರಾಂಶ ಮೊದಲ ದಿನದಿಂದಲೇ ಎಲ್ಲರ ಕೈಗೆಟುಕಬೇಕು.

ವಿರೋಧ: ನನ್ನ ಟಿಪ್ಪಣಿ ನನ್ನ ಫೈಲಿನಲ್ಲೇ ಇರಲಿ

ಯಾರಿಗೋ ಕಳುಹಿಸಲು ಗುರುತಿನ ಚೀಟಿಯೊಂದರ ಫೋಟೊ ಬೇಕಿದೆ ಎಂದುಕೊಳ್ಳಿ. ಹೆಸರು ಕಂಡರೆ ಸಾಕು, ಸಂಖ್ಯೆ ಕಾಣಬಾರದು. ಶಾಟ್‌ವೆಲ್‌ನಲ್ಲಿ ತೆರೆದು ಕೆಳಭಾಗವನ್ನು ಕತ್ತರಿಸುತ್ತೀರಿ. ಪರದೆಯ ಮೇಲೆ ಸಂಖ್ಯೆ ಇಲ್ಲ. ನೆಮ್ಮದಿಯಿಂದ ಇಮೇಲ್ ತೆರೆದು, ಫೋಲ್ಡರಿನಿಂದ ಅದೇ ಫೈಲನ್ನು ಆರಿಸಿ ಲಗತ್ತಿಸುತ್ತೀರಿ. ಹೋಗುವುದು ಸಂಖ್ಯೆಯೂ ಸೇರಿದ ಇಡೀ ಚೀಟಿ. ನೀವು ಕತ್ತರಿಸಿದ್ದು ಡೇಟಾಬೇಸಿನಲ್ಲಿ ಒಂದು ಸೂಚನೆಯಾಗಿ ಉಳಿದಿದೆ. ಫೈಲು ಇದ್ದಂತೆಯೇ ಇದೆ. ಕತ್ತರಿಸಿದ ಚಿತ್ರ ಬೇಕಿದ್ದರೆ ಅದನ್ನು ಪ್ರತ್ಯೇಕವಾಗಿ ಎಕ್ಸ್‌ಪೋರ್ಟ್ ಮಾಡಬೇಕಿತ್ತು. ಪರಿಣತರಿಗೆ ಇದು ಗೊತ್ತು. ಆದರೆ ಡೀಫಾಲ್ಟ್ ಇರುವುದು ಗೊತ್ತಿಲ್ಲದವರಿಗಾಗಿ ಎಂದು ಪರವಾದಿಗಳೇ ಹೇಳಿದ್ದಾರಲ್ಲ!

ಟ್ಯಾಗುಗಳದ್ದೂ ಇದೇ ಕಥೆ. ಯಾರು, ಎಲ್ಲಿ, ಯಾವ ಸಂದರ್ಭ ಎಂದು ರಾತ್ರಿಗಳಗಟ್ಟಲೆ ಕುಳಿತು ಗುರುತು ಹಾಕುತ್ತೇವೆ. ಶಾಟ್‌ವೆಲ್ ಅವನ್ನು ತನ್ನ ಡೇಟಾಬೇಸಿನಲ್ಲಿ ಇಟ್ಟುಕೊಳ್ಳುತ್ತದೆ. ಫೋಟೊ ಫೈಲಿನೊಳಗೂ ಬರೆ ಎಂದು ಹೇಳುವ ಆಯ್ಕೆ ಇದೆ, ಆದರೆ ಅದನ್ನು ನಾವೇ ಹುಡುಕಿ ಚಾಲೂ ಮಾಡಬೇಕು. ಮಾಡದಿದ್ದರೆ, ಹೊಸ ಕಂಪ್ಯೂಟರಿಗೆ ಫೋಟೊ ಫೋಲ್ಡರನ್ನಷ್ಟೇ ನಕಲಿಸಿದ ದಿನ ಚಿತ್ರಗಳೆಲ್ಲ ಬರುತ್ತವೆ, ಗುರುತುಗಳು ಬರುವುದಿಲ್ಲ. ನನ್ನ ಪರಿಚಿತರೊಬ್ಬರು ಬೇರೊಂದು ಮ್ಯಾನೇಜರಿನಲ್ಲಿ ಆರು ವರ್ಷ ಹಾಕಿದ ಟ್ಯಾಗುಗಳು ಹೀಗೆಯೇ ಹೋದವು. ತಾವು ತಪ್ಪು ಮಾಡಿದೆವೆಂದು ಅವರು ಇಂದಿಗೂ ನಂಬಿದ್ದಾರೆ. ತಪ್ಪು ಅವರದ್ದಲ್ಲ.

ಈ ತಂತ್ರಾಂಶಗಳ ಆಯುಸ್ಸನ್ನೂ ನೋಡಿ. ಎಫ್-ಸ್ಪಾಟ್ ಉಬುಂಟುವಿನ ಆಯ್ಕೆಯಾಗಿತ್ತು, ಹೋಯಿತು. ಶಾಟ್‌ವೆಲ್ ಕಟ್ಟಿದ ಯೋರ್ಬಾ ಸಂಸ್ಥೆ ಲಾಭರಹಿತ ಮಾನ್ಯತೆ ಕೇಳಿತ್ತು. ಅಮೆರಿಕದ ತೆರಿಗೆ ಇಲಾಖೆ 2014ರಲ್ಲಿ ನಿರಾಕರಿಸಿತು. ಮುಂದೆ ಸಂಸ್ಥೆಯೂ ಕೆಲಸ ನಿಲ್ಲಿಸಿತು. ಬೇರೆಯವರು ಮುಂದೆ ಬಂದು ಹೊಣೆ ಹೊತ್ತದ್ದರಿಂದ ಶಾಟ್‌ವೆಲ್ ಉಳಿದಿದೆ, ಅವರಿಗೆ ನಾವು ಋಣಿಗಳು. 2012ರಲ್ಲಿ ಹುಟ್ಟಿದ ಗ್ನೋಮ್ ಫೋಟೋಸ್ ಎಂಬ ಇನ್ನೊಂದು ಮ್ಯಾನೇಜರಿನ ಬೆಳವಣಿಗೆಯೂ ನಿಂತುಹೋಯಿತು. ಮನೆಮಂದಿಯ ಫೋಟೊಗಳನ್ನು ನಾವು ಐವತ್ತು ವರ್ಷ ಇಟ್ಟುಕೊಳ್ಳಬೇಕೆಂದುಕೊಳ್ಳುತ್ತೇವೆ. ಇವುಗಳಲ್ಲಿ ಯಾವುದನ್ನು ನಂಬಿ?

ಎಫ್-ಸ್ಪಾಟ್‌ನ ಒಂದು ಗುಣವನ್ನು ಮಾತ್ರ ನಾನು ಇಂದಿಗೂ ಮೆಚ್ಚುತ್ತೇನೆ. ಚಿತ್ರ ತಿದ್ದಿದರೆ ಅದು ಮೂಲದ ಪಕ್ಕದಲ್ಲೇ ‘ಮಾಡಿಫೈಡ್’ ಎಂಬ ಪದ ಸೇರಿಸಿ ಇನ್ನೊಂದು ಫೈಲು ಮಾಡುತ್ತಿತ್ತು. ಜಾಗ ಹೆಚ್ಚು ತಿನ್ನುತ್ತಿತ್ತು, ನಿಜ. ಆದರೆ ಮೂಲವೂ ಉಳಿಯುತ್ತಿತ್ತು, ತಿದ್ದಿದ್ದೂ ಯಾರು ತೆರೆದರೂ ಕಾಣುತ್ತಿತ್ತು.

ಹೆಸರುಗಳ ಘರ್ಷಣೆಯ ಬಗ್ಗೆ ಪರವಾದಿಗಳು ಹೇಳಿದ್ದು ಸತ್ಯವೇ. ಅದಕ್ಕೆ ಬೇಕಾದದ್ದು ಕಾರ್ಡಿನಿಂದ ಚಿತ್ರಗಳನ್ನು ಸರಿಯಾಗಿ ಇಳಿಸಿಕೊಳ್ಳುವ ಸಾಧನ, ಡೇಟಾಬೇಸ್ ಅಲ್ಲ. ರ‍್ಯಾಪಿಡ್ ಫೋಟೊ ಡೌನ್‌ಲೋಡರ್ ಅಷ್ಟನ್ನೇ ಮಾಡುತ್ತದೆ: ದಿನಾಂಕದ ಪ್ರಕಾರ ಹೆಸರಿಟ್ಟು, ಫೋಲ್ಡರಿನಲ್ಲಿಟ್ಟು, ಬದಿಗೆ ಸರಿಯುತ್ತದೆ. ಜಿಥಂಬ್ ಎಂಬ ವ್ಯೂವರ್ ಕೂಡ ಇಳಿಸಿಕೊಡುತ್ತದೆ, ಆಮೇಲೆ ಫೋಲ್ಡರುಗಳನ್ನು ಇದ್ದಂತೆಯೇ ತೋರಿಸುತ್ತದೆ. ಲಿನಕ್ಸ್ ಮಿಂಟ್ ವಿತರಣೆಯ ಪಿಕ್ಸ್ ತಂತ್ರಾಂಶ ಹುಟ್ಟಿದ್ದು ಇದೇ ಜಿಥಂಬ್‌ನಿಂದ. ಮೊದಲೇ ಏನಾದರೂ ಇಡಲೇಬೇಕೆಂದರೆ ಈ ಜಾತಿಯದು ಇರಲಿ.

ವ್ಯೂವರುಗಳೆಲ್ಲ ನಿರ್ದೋಷಿಗಳೆಂದು ನಾನು ಹೇಳುವುದಿಲ್ಲ. ಕೆಡಿಇ ಎಂಬ ಲಿನಕ್ಸ್ ಡೆಸ್ಕ್‌ಟಾಪಿನ ವ್ಯೂವರ್ ಗ್ವೆನ್‌ವ್ಯೂನಲ್ಲಿ ಕೊಟ್ಟ ನಕ್ಷತ್ರಗಳು ಮತ್ತು ಟ್ಯಾಗುಗಳು ಫೈಲಿನ ಒಳಗೆ ಸೇರುವುದಿಲ್ಲ. ಫೈಲ್ ಸಿಸ್ಟಂ ಆ ಫೈಲಿಗೆ ಅಂಟಿಸಿಡುವ ಹೆಚ್ಚುವರಿ ಮಾಹಿತಿಯಾಗಿ ಇರುತ್ತವೆ. ಫ್ಯಾಟ್ ಮಾದರಿಯ ಪೆನ್ ಡ್ರೈವಿಗೆ ನಕಲಿಸಿದರೆ ಉದುರಿಹೋಗುತ್ತವೆ. ಅಡೋಬಿ 2001ರಲ್ಲಿ ತಂದ ಎಕ್ಸ್‌ಎಂಪಿ ಮಾದರಿಯಲ್ಲಿ ಈ ಗುರುತುಗಳನ್ನು ಫೋಟೊದ ಒಳಗೆ ಇಲ್ಲವೇ ಪಕ್ಕದ ಪುಟ್ಟ ಫೈಲಿನಲ್ಲಿ ಬರೆದಿಡಬಹುದು, ಬೇರೆ ತಂತ್ರಾಂಶಗಳೂ ಓದಬಲ್ಲವು. ಡಿಜಿಕ್ಯಾಮ್‌ಗೆ ಹೇಳಿದರೆ ಎರಡನ್ನೂ ಮಾಡುತ್ತದೆ.

ವಿತರಣೆ ರೂಪಿಸುವವರ ಶ್ರಮ ಮೊದಲು ಸಲ್ಲಬೇಕಾದ ಕಡೆ ಇನ್ನೊಂದಿದೆ. 2017ರಿಂದ ಐಫೋನ್‌ಗಳು ಎಚ್‌ಇಐಸಿ ಮಾದರಿಯಲ್ಲಿ ಚಿತ್ರ ಉಳಿಸುತ್ತಿವೆ. ಅದರ ಹಿಂದಿರುವ, ಚಿತ್ರವನ್ನು ಕುಗ್ಗಿಸಿಡುವ ಎಚ್‌ಇವಿಸಿ ತಂತ್ರಕ್ಕೆ ಪೇಟೆಂಟುಗಳ ತೊಡಕಿದೆ. ಹಾಗಾಗಿ ಫೆಡೋರಾದಂಥ ವಿತರಣೆಗಳು ಅದನ್ನು ಬಿಡಿಸಿ ಓದುವ ಭಾಗವನ್ನು ಜೊತೆಗೆ ಕೊಡುವುದಿಲ್ಲ. ಹೊಸಬರು ಫೋನಿನಿಂದ ತಂದ ಚಿತ್ರದ ಮೇಲೆ ಕ್ಲಿಕ್ ಮಾಡಿದಾಗ ಏನೂ ತೆರೆಯುವುದಿಲ್ಲ. ಏಕೆ ತೆರೆಯುತ್ತಿಲ್ಲ, ಏನು ಹಾಕಿಕೊಳ್ಳಬೇಕು ಎಂದು ಅಲ್ಲಿಯೇ ನೇರವಾಗಿ ಹೇಳುವ ವ್ಯೂವರ್ ಇದ್ದರೆ ಅವರಿಗೆ ಎಷ್ಟೋ ಉಪಕಾರವಾಗುತ್ತದೆ.

ಇಷ್ಟಾದರೂ ಮ್ಯಾನೇಜರನ್ನೇ ಮೊದಲಿಗಿಡುತ್ತೇವೆ ಎನ್ನುವ ವಿತರಣೆಗಳಲ್ಲಿ ನನ್ನದೊಂದು ಬೇಡಿಕೆ ಇದೆ. ‘ಟ್ಯಾಗುಗಳನ್ನು ಫೈಲಿನಲ್ಲಿ ಬರೆ’ ಎಂಬ ಆಯ್ಕೆಯನ್ನು ಚಾಲೂ ಮಾಡಿಯೇ ಕೊಡಿ. ಅಷ್ಟು ಮಾಡಿದರೆ ನನ್ನ ವಿರೋಧ ಅರ್ಧ ಕರಗುತ್ತದೆ. ಉಳಿದರ್ಧ ಕರಗಬೇಕಾದರೆ, ಆ ಗುರುತಿನ ಚೀಟಿಯನ್ನು ಫೋಲ್ಡರಿನಿಂದ ಆರಿಸಿದಾಗಲೂ ಕತ್ತರಿಸಿದ ರೂಪದಲ್ಲಿಯೇ ಹೋಗಬೇಕು.