ಹತ್ತು ರೂಪಾಯಿ ಫಾರ್ಮು

ಮೊನ್ನೆ ನಮ್ಮೂರ ಆಶಾ ಅಕ್ಕ, ಅಂದರೆ ಹಳ್ಳಿಯ ಆರೋಗ್ಯ ಕಾರ್ಯಕರ್ತೆ, ಮನೆಗೆ ಬಂದು ನನ್ನ ಸೊಂಟದ ಅಳತೆ ತೆಗೆದರು. ಮೂವತ್ತು ದಾಟಿದವರಿಗೆಲ್ಲ ಒಂದು ಫಾರ್ಮು ತುಂಬಬೇಕಂತೆ. ಬೀಡಿ ಸೇದ್ತೀರಾ, ಕುಡೀತೀರಾ, ಮನೇಲಿ ಯಾರಿಗಾದ್ರೂ ಶುಗರ್ ಇದೆಯಾ. ಟೇಪು ನೋಡಿ ಅಕ್ಕ ಏನೂ ಹೇಳಲಿಲ್ಲ. ಸುಮ್ನೆ ನನ್ನ ಹೆಂಡತಿಯ ಕಡೆ ನೋಡಿದರು. ಮಾರನೇ ದಿನದಿಂದ ಮುದ್ದೆ ಒಂದಕ್ಕೆ ಇಳಿದಿದೆ.

ಕೊನೆಗೆ ಮನಸ್ಸಿನ ಬಗ್ಗೆ ಎರಡು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ, ಖುಷಿ ಇಲ್ಲ ಅನ್ನಿಸಿದ್ದುಂಟಾ? ಮನಸ್ಸು ಕುಗ್ಗಿ, ಇನ್ನೇನೂ ಭರವಸೆ ಇಲ್ಲ ಅನ್ನಿಸಿದ್ದುಂಟಾ? ಇಲ್ಲವೇ ಇಲ್ಲ ಎಂದರೆ ಸೊನ್ನೆ. ಹೆಚ್ಚುಕಮ್ಮಿ ದಿನಾ ಎಂದರೆ ಮೂರು. ಎರಡೂ ಕೂಡಿ ಮೂರು ದಾಟಿದರೆ ಡಾಕ್ಟರ ಹತ್ತಿರ ಕಳಿಸಬೇಕು. ಒಂದು ಫಾರ್ಮಿಗೆ ಅಕ್ಕನಿಗೆ ಸಿಗುವುದು 10 ರೂಪಾಯಿ.

“ಅಕ್ಕ, ನಿಮ್ದು ಎಷ್ಟು ಬಂತು?” ಎಂದೆ.

ಅಕ್ಕ ಪೆನ್ನಿಗೆ ಕ್ಯಾಪ್ ಹಾಕಿದರು. “ನನ್ ಫಾರ್ಮು ಯಾರ್ ತುಂಬ್ತಾರೆ ಕಣಣ್ಣ?”

ಹಳ್ಳಿಯಲ್ಲಿ ಸುಮಾರು ಸಾವಿರ ಜನಕ್ಕೆ ಒಬ್ಬ ಆಶಾ ಎಂದು ಲೆಕ್ಕ. ಉಳಿದ 999 ಮಂದಿಯಲ್ಲಿ ಮೂವತ್ತು ದಾಟಿದವರ ಬೇಜಾರು ದಾಖಲಾಗುತ್ತದೆ. ಸಾವಿರನೆಯದು ಯಾವ ಕಾಲಮ್ಮಿನಲ್ಲೂ ಇಲ್ಲ. ಸರ್ಕಾರ ಮರೆತಿದೆ ಎಂದುಕೊಳ್ಳಬೇಡಿ. ಇದರಲ್ಲಿ ಘನವಾದ ತರ್ಕವಿದೆ.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್ ಎಂದರೇನು ಎಂದು ವಿವರಿಸಿತು. ಇದು ರೋಗವಲ್ಲ, ಕೆಲಸದ ಜಾಗದ ಒತ್ತಡ ತಿಂಗಳಾನುಗಟ್ಟಲೆ ಹಾಗೇ ಉಳಿದಾಗ ಆಗುವ ಪಾಡು ಎಂದಿತು. ಕೆಲಸಕ್ಕೆ ಮಾತ್ರ ಈ ಪದ ಬಳಸಿ, ಬೇರೆ ಕಡೆ ಬೇಡ ಎಂದೂ ಹೇಳಿತು. ನಮ್ಮವರಿಗೆ ಅಷ್ಟು ಸಾಕಲ್ವಾ? ಆಶಾ ನೌಕರಳಲ್ಲ, ಸ್ವಯಂಸೇವಕಿ. ಅವಳಿಗೆ ಸಂಬಳವಿಲ್ಲ, ಗೌರವಧನ. (ಧನ ಕಮ್ಮಿ ಇದ್ದಾಗ ಅದರ ಮುಂದೆ ಗೌರವ ಸೇರಿಸುವುದು ನಮ್ಮಲ್ಲಿ ವಾಡಿಕೆ.) ಕೆಲಸವೇ ಇಲ್ಲ ಎಂದಮೇಲೆ ಕೆಲಸದ ಸುಸ್ತು ಎಲ್ಲಿಂದ ಬರುತ್ತದೆ? ಗರ್ಭಿಣಿಯರ ಪಟ್ಟಿ, ಕ್ಷಯದ ಮಾತ್ರೆ, ಸೊಳ್ಳೆ ಲಾರ್ವಾ ಸರ್ವೆ, ಲಸಿಕೆ, ರಾತ್ರಿ ಎರಡು ಗಂಟೆಯ ಹೆರಿಗೆ ನೋವು, ಇವೆಲ್ಲ ಹವ್ಯಾಸ. ಕೆಲವರು ಸ್ಟ್ಯಾಂಪ್ ಕೂಡಿಡುವುದಿಲ್ಲವೇ, ಹಾಗೆ.

ಹವ್ಯಾಸಕ್ಕೆ ದರಪಟ್ಟಿಯೂ ಇದೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 42 ದಿನದೊಳಗೆ ಆರು ಸಲ ಮನೆಗೆ ಹೋಗಿ ನೋಡಬೇಕು. ತೂಕ, ಜ್ವರ, ಹೊಕ್ಕುಳು, ಹಾಲು ಕುಡಿಯುತ್ತಾ ಇಲ್ವಾ, ಎಲ್ಲ ನೋಡಿ ಬರೆಯಬೇಕು. ಆರೂ ಮುಗಿದರೆ 250 ರೂಪಾಯಿ. ಒಂದು ಸಲಕ್ಕೆ 42 ರೂಪಾಯಿಯೂ ಬೀಳಲಿಲ್ಲ. ಒಂದು ಮದ್ದೂರು ವಡೆ, ಒಂದು ಕಾಫಿ, ಮುಗೀತು.

ಹಾಗಂತ ಇವರ ಮನಸ್ಸಿನ ಬಗ್ಗೆ ಯಾರಿಗೂ ಕಾಳಜಿಯೇ ಇಲ್ಲ ಎಂದರೆ ತಪ್ಪಾದೀತು. ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ. ಆವತ್ತು ನಮ್ಮ ಅಕ್ಕನಿಗೂ ಒತ್ತಡ ನಿರ್ವಹಣೆಯ ತರಬೇತಿ ಇತ್ತು. ಎಲ್ಲಿ, ಯಾರು ನಡೆಸಿದರು ಎಂದು ನಾನು ಹೇಳುವುದಿಲ್ಲ, ಅಕ್ಕ ಆ ಊರಲ್ಲೇ ಬಾಳಬೇಕು. ಹಾಜರಾತಿ ಕಡ್ಡಾಯ. ಬರದಿದ್ದರೆ ಕಾರಣ ಕೇಳಿ ನೋಟಿಸು. ಒತ್ತಡ ಇಲ್ಲದವರಿಗೂ ಅಲ್ಲಿಂದಲೇ ಶುರುವಾಗಲಿ ಎಂಬ ಏರ್ಪಾಡು ಇರಬೇಕು. ಹತ್ತಕ್ಕೆ ಬನ್ನಿ ಎಂದವರು ಹನ್ನೆರಡೂವರೆಗೆ ಬಂದರು. ದೀಪ ಹಚ್ಚಿದರು. ಭಾಷಣಕ್ಕೆ ಒಬ್ಬರು, ಭಾಷಣ ಮಾಡಿದವರನ್ನು ಹೊಗಳಲು ಒಬ್ಬರು.

ಆಮೇಲೆ ಪ್ಯಾಂಟಿನೊಳಗೆ ಶರ್ಟು ಹಾಕಿದ ಒಬ್ಬ ಹುಡುಗ ಮೈಕು ಹಿಡಿದ. ಎಲ್ಲರೂ ಕಣ್ಣು ಮುಚ್ಚಿ, ಕಾವೇರಿ ದಡದಲ್ಲಿ ಕೂತಿದ್ದೀರಿ ಅಂದುಕೊಳ್ಳಿ ಎಂದ. ಪಾಪ, ಹೊರಗಿನವನು. ಕಾವೇರಿ ಎಂದರೆ ಮಂಡ್ಯದವರಿಗೆ ಶಾಂತಿ ಯಾಕೆ ನೆನಪಾಗುತ್ತೆ, ರಸ್ತೆ ತಡೆ ನೆನಪಾಗುತ್ತೆ. ಅಷ್ಟರಲ್ಲಿ ಮೂವರ ಫೋನು ಬಡಿದುಕೊಂಡಿತು. ಮೊಬೈಲಿನಲ್ಲಿ ಇವತ್ತಿನ ಮಾಹಿತಿಯ ಎಂಟ್ರಿ ಯಾಕಾಗಿಲ್ಲ ಎಂದು ಕೇಳಲು ಇದೇ ಕಾರ್ಯಕ್ರಮದ ವೇದಿಕೆಯ ಮೇಲಿದ್ದವರ ಆಫೀಸಿನಿಂದಲೇ ಫೋನು. ಕಣ್ಣು ಮುಚ್ಚಿಕೊಂಡೇ ಉತ್ತರ ಕೊಟ್ಟರಂತೆ. ಕೊನೆಗೆ ನಗೆ ವ್ಯಾಯಾಮ. ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ. ಯಾವ ಊರಲ್ಲಿ, ಎಷ್ಟು ಗಂಟೆಗೆ ನಕ್ಕರು ಎನ್ನುವುದೂ ಕೆಳಗೆ ಅಚ್ಚಾಗಿದೆ. ಬಂದುಹೋದ ಖರ್ಚು ಕೇಳಿದ್ದಕ್ಕೆ, ಬಸ್ಸು ಹೇಗೂ ಫ್ರೀ ಅಲ್ವಾ ಎಂದರಂತೆ.

ಇನ್ನು ಎರಡನೇ ಪ್ರಶ್ನೆ. ಭರವಸೆ ಇಲ್ಲ ಅನ್ನಿಸಿದ್ದುಂಟಾ? ಇದನ್ನು ಮಾತ್ರ ಆಶಾಗಳಿಗೆ ಕೇಳಲೇಬಾರದು. ಈ ರಾಜ್ಯದಲ್ಲಿ ಅವರಿಗೆ ಸಿಕ್ಕಷ್ಟು ಭರವಸೆ ಬೇರೆ ಯಾರಿಗೂ ಸಿಕ್ಕಿಲ್ಲ. 2020ರಲ್ಲಿ ತಟ್ಟೆ ಬಡಿದೆವು. ಬಡಿದ ತಟ್ಟೆಗೆ ಏನು ಬಡಿಸಬೇಕು ಎಂದು ಯೋಚಿಸುವಷ್ಟರಲ್ಲಿ ಕೊರೊನಾನೇ ಮುಗಿದುಹೋಯಿತು. 2022ರಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆ ದೇಶದ ಹತ್ತು ಲಕ್ಷ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಹತ್ತು ಲಕ್ಷ ಮಂದಿಗೆ ಒಂದು ಪ್ರಶಸ್ತಿ. ಹಂಚಿಕೊಂಡರೆ ನಮ್ಮ ಅಕ್ಕನ ಪಾಲಿಗೆ ಎಷ್ಟು ಬಂತೋ ಗೊತ್ತಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಗೆ ಸೆರಗು ಹೊದ್ದು ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಆಗಸ್ಟಿನಲ್ಲಿ ಆ ಭರವಸೆ ಎಲ್ಲಿಗೆ ಬಂತು ಎಂದು ಕೇಳಲು ಮತ್ತೆ ಕೂತರು. ಮನೆ ತುಂಬ ಭರವಸೆ. ಇಡಲು ಜಾಗವಿಲ್ಲ.

ನಮ್ಮೂರ ಪಕ್ಕದಲ್ಲೇ ಆಲೆಮನೆ ಇದೆ. ಕಬ್ಬು ಗಾಣಕ್ಕೆ ಕೊಡುತ್ತಾರೆ, ಹಾಲು ಇಳಿಯುತ್ತದೆ. ಸಿಪ್ಪೆಯನ್ನಾದರೂ ಬಿಡುತ್ತಾರಾ? ಬಿಸಿಲಿಗೆ ಹರಡಿ, ಒಣಗಿಸಿ, ಅದನ್ನೇ ಕೊಪ್ಪರಿಗೆಯ ಕೆಳಗೆ ತುರುಕುತ್ತಾರೆ. ಅದರ ಹಾಲನ್ನು ಅದರ ಬೆಂಕಿಯಲ್ಲೇ ಕಾಯಿಸಿ ಬೆಲ್ಲ. ಬರ್ನ್‌ಔಟ್ ಎಂಬ ಪದಕ್ಕೆ ಕನ್ನಡ ಹುಡುಕಿಕೊಂಡು ಬೆಂಗಳೂರಿನ ಪಂಡಿತರು ಒದ್ದಾಡುತ್ತಿದ್ದಾರಂತೆ. ಒಂದು ಸಲ ಈ ಕಡೆ ಬಂದು ಹೋಗಲಿ.

ಅಕ್ಕ ಹೊರಟು ನಿಂತಿದ್ದರು. ನಾನು ಬಿಡಲಿಲ್ಲ.

“ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನಸ್ಸಿನ ಡಾಕ್ಟರು ಬರ್ತಾರಂತಲ್ಲ, ನೀವೇ ಒಂದ್ಸಲ ಹೋಗ್ಬಾರದಾ?”

“ಪೇಷೆಂಟ್ ಜೊತೇಲಿ ಆಶಾ ಹೋಗ್ಬೇಕು ಕಣಣ್ಣ. ನಾನೇ ಪೇಷೆಂಟಾದ್ರೆ ಇನ್ನೊಬ್ಳು ಆಶಾನ ಎಲ್ಲಿಂದ ತರ್ಲಿ?”

“ಹೋಗ್ಲಿ, 14416ಕ್ಕೆ ಫೋನ್ ಮಾಡಿ. ನೀವೇ ಎಲ್ಲರಿಗೂ ಹೇಳಿದ್ರಲ್ಲ, ಟೆಲಿ ಮಾನಸ್, ಹಗಲೂ ರಾತ್ರಿ ಇರ್ತದೆ ಅಂತ.”

“ಹಗಲೂ ರಾತ್ರಿ ಅವ್ರು ಇರ್ತಾರೆ. ನನ್ ಫೋನ್ ಖಾಲಿ ಇರ್ಬೇಕಲ್ಲ?”

ಅಂದಹಾಗೆ ಅಕ್ಕನಿಗೂ ನಲವತ್ತೆರಡು ವರ್ಷ. ಮೂವತ್ತು ದಾಟಿದ್ದಾರೆ, ಅವರ ಹೆಸರಲ್ಲೂ ಒಂದು ಫಾರ್ಮು ಆಗಲೇಬೇಕು. ಅದನ್ನು ಅವರೇ ತುಂಬಿದ್ದಾರೆ. ಚೀಲದಿಂದ ತೆಗೆದು ತೋರಿಸಿದರು. ಸೊಂಟದ ಅಳತೆ ಸರಿಯಾಗಿದೆ. ಕೊನೆಯ ಎರಡು ಪ್ರಶ್ನೆಗೆ ಸೊನ್ನೆ, ಸೊನ್ನೆ.

“ಇದು ನಿಜಾನಾ ಅಕ್ಕ?”

“ಮೂರು ದಾಟಿದ್ರೆ ನನ್ನ ನಾನೇ ಫಾಲೋ ಅಪ್ ಮಾಡ್ಬೇಕು ಕಣಣ್ಣ. ಅದ್ನೂ ಎಂಟ್ರಿ ಮಾಡು ಅಂತಾರೆ. ಸರ್ವರ್ ಬೇರೆ ಇರಲ್ಲ.”