ತಾಯಿಯ ತಲೆಗೇಕೆ ಕಟ್ಟುತ್ತೀರಿ?
ಮಗುವಿಗೆ ಮಾತು ತಡವಾದರೆ ತಾಯಿಯ ಮೊಬೈಲ್ ಗೀಳೇ ಕಾರಣ ಎಂದು ನಿಮ್ಮ ಲೇಖನ ಒಂದೇ ಏಟಿಗೆ ತೀರ್ಪು ಕೊಟ್ಟುಬಿಟ್ಟಿದೆ. ಮಾತು, ಬುದ್ಧಿ ತಡವಾಗಿಸುವ ಫ್ರಜೈಲ್ ಎಕ್ಸ್ ಎಂಬ ಆನುವಂಶಿಕ ತೊಂದರೆಯ ಸುದ್ದಿಯೇ ಇಲ್ಲ! ಎಕ್ಸ್ ವರ್ಣತಂತುವಿನ ಎಫ್‌ಎಂಆರ್‌1 ವಂಶವಾಹಿಯಲ್ಲಿ ಸಿಜಿಜಿ ಎಂಬ ಡಿಎನ್‌ಎಯ ಮೂರಕ್ಷರ ಸಾಮಾನ್ಯವಾಗಿ 30ರ ಆಸುಪಾಸು ಸಲ ಬರುತ್ತದೆ. 200 ದಾಟಿದರೆ ವಂಶವಾಹಿ ಬಾಯಿ ಮುಚ್ಚುತ್ತದೆ; ನರಕೋಶಗಳ ಬೆಸುಗೆಗೆ ಬೇಕಾದ ಪ್ರೋಟೀನ್ ತಯಾರಾಗುವುದಿಲ್ಲ. 55ರಿಂದ 200ರ ನಡುವೆ ಇರುವ ತಾಯಿಗೆ ಮಾತು, ಬುದ್ಧಿ ಎಲ್ಲ ಸರಿಯಾಗಿಯೇ ಇರಬಹುದು, ಆದರೆ ಮಗುವಿಗೆ ದಾಟುವಾಗ ಸಂಖ್ಯೆ ಹಿಗ್ಗುವುದುಂಟು. 1991ರಲ್ಲೇ ಪತ್ತೆಯಾದ ಸಂಗತಿ. ಮಾತು ತಡವಾದ ಮಕ್ಕಳಿಗೆಲ್ಲ ಇದೇ ಕಾರಣವಲ್ಲ, ಒಪ್ಪೋಣ. ಜಯನಗರದ ನಮ್ಮ ಬೀದಿಯ ಅಜ್ಜಿಯೊಬ್ಬರು ಸೊಸೆ ಗ್ರಹಣದ ದಿನ ತರಕಾರಿ ಹೆಚ್ಚಿದ್ದನ್ನು ಈಗಲೂ ಎತ್ತಾಡುತ್ತಾರೆ; ನಿಮ್ಮದು ಅದರ ಮೊಬೈಲ್ ಆವೃತ್ತಿ. ನಿಮ್ಹಾನ್ಸ್ ಇರುವ ಊರಿನಲ್ಲಿ ಕುಳಿತು ಇದನ್ನು ಪತ್ತೆಹಚ್ಚುವ ರಕ್ತಪರೀಕ್ಷೆಯ ಬಗ್ಗೆ ಎರಡು ಸಾಲು ಬರೆಯಬಹುದಿತ್ತು.